ಗಟ್ಟಿಯಾಗಿ ಓದಿದರೆ ನೆನಪು ಉಳಿಯುತ್ತದಾ? ಶಾಲೆಯಲ್ಲೇ ಪ್ರಯೋಗ ಮಾಡಬೇಕೆಂದಿದ್ದೇನೆ

ಪೆರ್ಲದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡಿನ ಪೆರ್ಲದ ಆಚೆ ಒಂದು ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಕಲಿಸುತ್ತೇನೆ. ನಮ್ಮ ಸ್ಟಾಫ್ ರೂಮಿನಲ್ಲಿ ಮುಗಿಯದ ವಾದವೊಂದು ಉಂಟು. ಗಟ್ಟಿಯಾಗಿ ಓದಿದರೆ ಮಾತ್ರ ಪಾಠ ತಲೆಯಲ್ಲಿ ಉಳಿಯುತ್ತದೆ ಎನ್ನುತ್ತಾರೆ ಹಿರಿಯರು. ಮನಸ್ಸಿನಲ್ಲಿ ಓದಿದರೂ ಅಷ್ಟೇ, ಸುಮ್ನೆ ಗಲಾಟೆ ಯಾಕೆ ಎನ್ನುತ್ತಾರೆ ಹೊಸಬರು. ವಾದ ಸಾಕು, ಮಾಡಿಯೇ ನೋಡೋಣ ಅನಿಸಿತು.

ನನ್ನ ಯೋಚನೆ ಹೀಗೆ. ನಮ್ಮ ಆರನೇ ತರಗತಿ ಎರಡು ವಾರ ಸಮಾಜ ಪಾಠವನ್ನು ಗಟ್ಟಿಯಾಗಿ ಓದಲಿ. ಬದಿಯಡ್ಕದ ಕಡೆ ನನ್ನ ಗೆಳತಿ ಕಲಿಸುತ್ತಾಳೆ. ಅವಳ ಆರನೇ ತರಗತಿ ಅದೇ ಪಾಠವನ್ನು ಮನಸ್ಸಿನಲ್ಲಿ ಓದಲಿ. ಕೊನೆಗೆ ಎರಡೂ ಕಡೆ ಒಂದೇ ಪ್ರಶ್ನೆಪತ್ರಿಕೆ. ಯಾರಿಗೆ ಜಾಸ್ತಿ ಅಂಕ ಬರುತ್ತದೋ ನೋಡುವುದು.

ಲ್ಯಾಬ್ ಪ್ರಯೋಗ, ಫೀಲ್ಡ್ ಪ್ರಯೋಗ, ಸಹಜ ಪ್ರಯೋಗ, ಅರೆ ಪ್ರಯೋಗ ಅಂತ ಮನಶ್ಶಾಸ್ತ್ರದಲ್ಲಿ ನಾಲ್ಕು ಬಗೆ ಉಂಟಲ್ಲ. ನನ್ನದು ಯಾವುದಕ್ಕೆ ಸೇರುತ್ತದೆ? ಟೀಚರುಗಳು ತಮ್ಮ ತರಗತಿಯಲ್ಲೇ ಮಾಡುವ ಕ್ರಿಯಾ ಸಂಶೋಧನೆಯ ವರದಿಯಲ್ಲಿ ಬರೆಯಬೇಕು.

ಹೊಸಂಗಡಿ ಡಿಗ್ರಿ

ಟೀಚರ್, ನಾನು ಮಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ಮನಶ್ಶಾಸ್ತ್ರ ನನ್ನ ವಿಷಯ. ನಮ್ಮ ನೋಟ್ಸ್ ಪ್ರಕಾರ ಕೋಣೆಯೊಳಗೆ ಎಲ್ಲವನ್ನೂ ಹತೋಟಿಯಲ್ಲಿಟ್ಟು ಮಾಡುವುದು ಲ್ಯಾಬ್ ಪ್ರಯೋಗ. ಜನ ದಿನವೂ ಇರುವ ಜಾಗದಲ್ಲೇ ಮಾಡುವುದು ಫೀಲ್ಡ್ ಪ್ರಯೋಗ. ಸಂಶೋಧಕ ಕೈಯಾಡಿಸದೆ ತಾನಾಗಿಯೇ ಆದ ಬದಲಾವಣೆಯನ್ನು ಅಳೆಯುವುದು ಸಹಜ ಪ್ರಯೋಗ. ಗಂಡು-ಹೆಣ್ಣು, ವಯಸ್ಸು ಇಂಥ ಮೊದಲೇ ಇರುವ ವ್ಯತ್ಯಾಸದ ಮೇಲೆ ಗುಂಪು ಮಾಡುವುದು ಅರೆ ಪ್ರಯೋಗ.

ನಿಮ್ಮದು ಶಾಲೆಯಲ್ಲಿ ನಡೆಯುವುದರಿಂದ ಫೀಲ್ಡ್ ಪ್ರಯೋಗ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಸಿಗುತ್ತದೆ 🙂

ತೋಟದಮೂಲೆ

ಅಂಕ ಸಿಗಬಹುದು, ಆದರೆ ಉತ್ತರ ಸರಿಯಲ್ಲ ತಂಗಿ. ನಾನು ಮೈಸೂರಿನಲ್ಲಿ ಮನಶ್ಶಾಸ್ತ್ರ ಎಂ.ಎ. ಮಾಡಿ ಈಗ ಅಡಿಕೆ ತೋಟ ನೋಡಿಕೊಂಡಿರುವವ. ಹಾಗಾಗಿ ಈ ವಿಷಯ ಬಂದರೆ ಸುಮ್ಮನಿರಲು ಆಗುವುದಿಲ್ಲ.

ಈ ನಾಲ್ಕು ಬಗೆಯ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕಲಸಿಹೋಗಿವೆ. ಒಂದು, ಪ್ರಯೋಗ ಎಲ್ಲಿ ನಡೆಯಿತು? ಇನ್ನೊಂದು, ಯಾರು ಯಾವ ಗುಂಪಿಗೆ ಹೋಗಬೇಕೆಂದು ಯಾರು ತೀರ್ಮಾನಿಸಿದರು? ಲ್ಯಾಬ್, ಫೀಲ್ಡ್ ಎನ್ನುವುದು ಮೊದಲನೆಯದಕ್ಕೆ ಉತ್ತರ. ಅರೆ, ಸಹಜ ಎನ್ನುವುದು ಎರಡನೆಯದಕ್ಕೆ. ಫಲಿತಾಂಶವನ್ನು ನಂಬಬೇಕೋ ಬೇಡವೋ ಎನ್ನುವುದಕ್ಕೆ ಎರಡನೇ ಪ್ರಶ್ನೆಯೇ ಮುಖ್ಯ ಎಂದು ನನ್ನ ಅಭಿಪ್ರಾಯ.

ಲ್ಯಾಬಿಗೆ ಒಂದು ಒಳ್ಳೆಯ ಉದಾಹರಣೆ 1974ರಲ್ಲಿ ಲಾಫ್ಟಸ್ ಮತ್ತು ಪಾಮರ್ ಮಾಡಿದ ಪ್ರಯೋಗ. 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕು ಚಿತ್ರಗಳನ್ನು ತೋರಿಸಿ ಕಾರುಗಳ ವೇಗ ಎಷ್ಟಿತ್ತು ಎಂದು ಕೇಳಿದರು. ಪ್ರಶ್ನೆಯಲ್ಲಿ ಒಂದೇ ಒಂದು ಕ್ರಿಯಾಪದ ಬದಲು. ‘ಕಾರುಗಳು ಜಜ್ಜಿಹೋಗುವಂತೆ ಗುದ್ದಿದಾಗ’ ಎಂದು ಕೇಳಿಸಿಕೊಂಡವರು ಸರಾಸರಿ ಗಂಟೆಗೆ 40 ಮೈಲಿಗೂ ಹೆಚ್ಚು ಎಂದರು. ‘ತಾಗಿದಾಗ’ ಎಂದು ಕೇಳಿಸಿಕೊಂಡವರು 31.8 ಮೈಲಿ ಎಂದರು. ನೋಡಿದ ಚಿತ್ರ ಒಂದೇ, ಕೇಳಿದ ಮಾತು ಮಾತ್ರ ಬೇರೆ. ಹಾಗಾಗಿ ವ್ಯತ್ಯಾಸಕ್ಕೆ ಆ ಮಾತೇ ಕಾರಣ ಎಂದು ಧೈರ್ಯವಾಗಿ ಹೇಳಬಹುದು.

ಈಗ ಶಾಲೆಗೆ ಬನ್ನಿ. ರೊಸೆಂಥಾಲ್ ಮತ್ತು ಜೇಕಬ್ಸನ್ ಅಮೆರಿಕದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಡಿದ ಪ್ರಯೋಗ 1968ರಲ್ಲಿ ಪ್ರಕಟವಾಯಿತು. ಪ್ರತಿ ತರಗತಿಯಿಂದ ಸುಮಾರು ನೂರಕ್ಕೆ ಇಪ್ಪತ್ತು ಮಕ್ಕಳನ್ನು ಸುಮ್ನೆ ಚೀಟಿ ಎತ್ತಿದ ಹಾಗೆ ಆರಿಸಿದರು. ‘ಈ ಮಕ್ಕಳು ಈ ವರ್ಷ ಚೆನ್ನಾಗಿ ಮುಂದೆ ಬರುತ್ತಾರೆ ಎಂದು ಪರೀಕ್ಷೆ ಹೇಳುತ್ತಿದೆ’ ಎಂದು ಟೀಚರುಗಳ ಕಿವಿಗೆ ಹಾಕಿದರು. ವರ್ಷದ ಕೊನೆಗೆ ಒಂದು, ಎರಡನೇ ತರಗತಿಯ ಅಂಥ ಮಕ್ಕಳ ಬುದ್ಧಿಮಟ್ಟದ ಅಂಕ ಉಳಿದವರಿಗಿಂತ ಏರಿತ್ತು. ಆ ಪರಿಣಾಮ ಅವರು ಹೇಳಿದಷ್ಟು ದೊಡ್ಡದಲ್ಲ ಎಂದು ಆಮೇಲೆ ತುಂಬ ಚರ್ಚೆಯಾಯಿತು, ಅದು ಬೇರೆ ಮಾತು. ಜಾಗ ಶಾಲೆ, ಆದರೆ ಮಕ್ಕಳನ್ನು ಆರಿಸಿದ್ದು ಚೀಟಿ. ಹಾಗಾಗಿ ಅದು ಫೀಲ್ಡೂ ಹೌದು, ಪಕ್ಕಾ ಪ್ರಯೋಗವೂ ಹೌದು.

ಟೀಚರ್, ನಿಮ್ಮ ಯೋಜನೆಯಲ್ಲಿ ಯಾವ ಮಗು ಗಟ್ಟಿಯಾಗಿ ಓದಬೇಕೆಂದು ತೀರ್ಮಾನ ಮಾಡಿದ್ದು ಯಾರು? ಅದರ ಮನೆ ಪೆರ್ಲದಲ್ಲಿದೆಯೋ ಬದಿಯಡ್ಕದಲ್ಲಿದೆಯೋ ಎನ್ನುವುದು. ಎರಡು ಶಾಲೆ, ಇಬ್ಬರು ಟೀಚರ್, ಬೇರೆ ಬೇರೆ ಮನೆಗಳು. ನಿಮ್ಮ ಮಕ್ಕಳಿಗೆ ಅಂಕ ಜಾಸ್ತಿ ಬಂದರೆ ಅದು ಗಟ್ಟಿಯಾಗಿ ಓದಿದ್ದಕ್ಕಾ, ನೀವು ಚೆನ್ನಾಗಿ ಕಲಿಸಿದ್ದಕ್ಕಾ? ಬಿಡಿಸಿ ಹೇಳಲು ದಾರಿಯೇ ಇಲ್ಲ. ಇದು ಅರೆ ಪ್ರಯೋಗ.

ಹೊಸಂಗಡಿ ಡಿಗ್ರಿ

ಅಣ್ಣ, ಹಾಗಾದರೆ ನ್ಯೂಯಾರ್ಕ್ ರೈಲಿನ ಪ್ರಯೋಗ? ಅದು ನಮಗೆ ಫೀಲ್ಡ್ ಪ್ರಯೋಗಕ್ಕೆ ಉದಾಹರಣೆ.

ತೋಟದಮೂಲೆ

1969ರದ್ದು, ಪಿಲಿಯಾವಿನ್ ತಂಡದ್ದು. ಚಲಿಸುವ ರೈಲಿನಲ್ಲಿ ಒಬ್ಬ ಕುಸಿದು ಬೀಳುತ್ತಾನೆ. ಕೆಲವು ಸಲ ಕೈಯಲ್ಲಿ ಊರುಗೋಲು. ಕೆಲವು ಸಲ ಹೆಂಡದ ವಾಸನೆ, ಕೈಯಲ್ಲಿ ಬಾಟಲಿ. ಊರುಗೋಲಿನವನಿಗೆ 65ರಲ್ಲಿ 62 ಸಲ ಜನ ತಾವಾಗಿಯೇ ಎದ್ದು ಬಂದರು. ಕುಡುಕನಿಗೆ 38ರಲ್ಲಿ 19 ಸಲ. 65 ಮತ್ತು 38 ಯಾಕೆ, ಸಮ ಯಾಕಿಲ್ಲ ಗೊತ್ತಾ? ನಟಿಸುತ್ತಿದ್ದ ವಿದ್ಯಾರ್ಥಿಗಳಿಗೆ ಕುಡುಕನ ಪಾತ್ರ ಇಷ್ಟವಿರಲಿಲ್ಲ! ಲ್ಯಾಬಿನ ಹೊರಗೆ ಹೋದ ಕೂಡಲೇ ಇಂಥ ತರಲೆಗಳು ಶುರು. ಆದರೂ ಯಾವ ಪ್ರಯಾಣಿಕ ಯಾವ ದೃಶ್ಯ ನೋಡುತ್ತಾನೆ ಎನ್ನುವುದನ್ನು ಪ್ರಯಾಣಿಕ ಆರಿಸಲಿಲ್ಲ, ತಂಡ ಆರಿಸಿತು. ಅದರ ಬಲ ಅಲ್ಲಿರುವುದು.

ಕುಂಬಳೆ ಮಾಷ್ಟ್ರು

ನಿಮ್ಮ ಚರ್ಚೆ ಓದುತ್ತಾ ಇದ್ದೇನೆ. ನಿವೃತ್ತ ಮುಖ್ಯೋಪಾಧ್ಯಾಯ ನಾನು. ಒಂದು ಮಾತು ಹೇಳಲೇಬೇಕು. ನನ್ನ ಸರ್ವೀಸಿನಲ್ಲಿ ಪ್ರತಿ ವರ್ಷವೂ ಅರ್ಧ ವಾರ್ಷಿಕ ಪರೀಕ್ಷೆಯಲ್ಲಿ ತೀರಾ ಹಿಂದುಳಿದ ಮಕ್ಕಳನ್ನು ಆರಿಸಿ, ಸಂಜೆ ಕೂರಿಸಿ ಗಟ್ಟಿಯಾಗಿ ಓದಿಸುತ್ತಿದ್ದೆ. ವಾರ್ಷಿಕ ಪರೀಕ್ಷೆಯಲ್ಲಿ ಹೆಚ್ಚಿನವರು ಮೇಲೆ ಬರುತ್ತಿದ್ದರು. ಇದಕ್ಕಿಂತ ದೊಡ್ಡ ಪ್ರಯೋಗ ಬೇಕಾ? ಅಮೆರಿಕದ ಕಾಲೇಜು ಹುಡುಗರ ಮೇಲೆ ಮಾಡಿದ್ದನ್ನು ತಂದು ನಮ್ಮ ಎಣ್ಮಕಜೆಯ ಮಕ್ಕಳಿಗೆ ಹೊಂದಿಸುವುದು ಎಂತಕ್ಕೆ?

ತೋಟದಮೂಲೆ

ಮಾಷ್ಟ್ರೇ, ಎರಡನೇ ಮಾತನ್ನು ಮೊದಲು ಒಪ್ಪಿಕೊಳ್ಳುತ್ತೇನೆ. 2010ರಲ್ಲಿ ಹೆನ್ರಿಕ್, ಹೈನ್, ನೊರೆನ್‌ಜಯಾನ್ ಎಂಬ ಮೂವರು ಇದನ್ನೇ ಎತ್ತಿ ತೋರಿಸಿದರು. ಪಶ್ಚಿಮದ ಶ್ರೀಮಂತ ದೇಶಗಳ ಓದಿದ ಹುಡುಗರನ್ನು ಪರೀಕ್ಷಿಸಿ ಮನುಷ್ಯರೆಲ್ಲರೂ ಹೀಗೇ ಎಂದು ಹೇಳುತ್ತಿದ್ದೀರಿ ಎಂಬುದು ಅವರ ಆಕ್ಷೇಪ. ಕಣ್ಣಿಗೆ ಕಾಣುವ ಗೆರೆಯ ಉದ್ದದ ಭ್ರಮೆ ಕೂಡ ಎಲ್ಲ ಸಮಾಜಗಳಲ್ಲಿ ಒಂದೇ ಥರ ಇಲ್ಲ. ಅದಕ್ಕೇ ಪೆರ್ಲದಲ್ಲಿ ಮಾಡಿ ನೋಡಬೇಕು ಎನ್ನುವುದು.

ಮೊದಲನೇ ಮಾತಿಗೆ ಮಾತ್ರ ನನ್ನ ತಕರಾರು ಉಂಟು, ಬೇಜಾರು ಮಾಡಬೇಡಿ. ಒಂದು ಪರೀಕ್ಷೆಯಲ್ಲಿ ತೀರಾ ಕೆಳಗಿದ್ದವರನ್ನು ಆರಿಸಿದರೆ ಅವರಲ್ಲಿ ಕೆಲವರು ಆ ದಿನ ಜ್ವರದಲ್ಲಿದ್ದವರು, ಕೆಲವರು ಹಿಂದಿನ ರಾತ್ರಿ ಯಕ್ಷಗಾನಕ್ಕೆ ಹೋಗಿ ನಿದ್ದೆ ಕೆಟ್ಟವರು. ಮುಂದಿನ ಪರೀಕ್ಷೆಯಲ್ಲಿ ನೀವು ಏನೂ ಮಾಡದಿದ್ದರೂ ಅವರ ಅಂಕ ಸರಾಸರಿಯ ಕಡೆ ಏರುತ್ತದೆ. ಹಾಗೆಯೇ ಮೊದಲ ಸ್ಥಾನದಲ್ಲಿದ್ದವರು ಸ್ವಲ್ಪ ಇಳಿಯುತ್ತಾರೆ. ನಿಮ್ಮ ಸಂಜೆ ಪಾಠದಿಂದ ಆದದ್ದು ಎಷ್ಟು, ತಾನಾಗಿ ಆದದ್ದು ಎಷ್ಟು ಎಂದು ತಿಳಿಯಬೇಕಾದರೆ ಅಷ್ಟೇ ಹಿಂದುಳಿದ, ಆದರೆ ಸಂಜೆ ಕೂರಿಸದ ಇನ್ನೊಂದು ಗುಂಪು ಬೇಕು. ಅದನ್ನೇ ಕಂಟ್ರೋಲ್ ಗ್ರೂಪ್ ಎನ್ನುವುದು. ಕ್ರಿಯಾ ಸಂಶೋಧನೆಯ ವರದಿಗಳಲ್ಲಿ ಹೆಚ್ಚಾಗಿ ಒಂದೇ ಗುಂಪು, ಮೊದಲೊಂದು ಪರೀಕ್ಷೆ, ಆಮೇಲೊಂದು ಪರೀಕ್ಷೆ. ಎಲ್ಲರೂ ‘ಯಶಸ್ವಿ’ ಎಂದೇ ಬರೆಯುತ್ತಾರೆ. ಯಶಸ್ವಿ ಆಗದೆ ಇನ್ನೇನಾಗುತ್ತದೆ ಮಾರಾಯ್ರೆ!

ಕುಂಬಳೆ ಮಾಷ್ಟ್ರು

ಹಿಂದುಳಿದ ಮಗು ಎದುರು ಕೂತಿರುವಾಗ ಅರ್ಧ ಮಕ್ಕಳನ್ನು ಮನೆಗೆ ಕಳಿಸಿ ಅರ್ಧ ಮಕ್ಕಳನ್ನು ಕೂರಿಸಲು ನನ್ನಿಂದ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ. ಅದು ವಿಜ್ಞಾನವಾದರೆ ಆಗಲಿ.

ತೋಟದಮೂಲೆ

ಅದಕ್ಕೂ ದಾರಿ ಉಂಟು. ಅರ್ಧ ಮಕ್ಕಳಿಗೆ ಈ ತಿಂಗಳು, ಉಳಿದವರಿಗೆ ಮುಂದಿನ ತಿಂಗಳು. ಯಾರಿಗೂ ತಪ್ಪುವುದಿಲ್ಲ. ಮೊದಲ ತಿಂಗಳ ಕೊನೆಗೆ ಹೋಲಿಸಿ ನೋಡಬಹುದು. ಆದರೆ ನೀವು ಹೇಳಿದ ಸಂಕಟ ಸುಳ್ಳಲ್ಲ.

ಹೊಸೂರು ಕನ್ನಡಿಗ

ಗಡಿಯ ಇನ್ನೊಂದು ಮೂಲೆಯಿಂದ ಒಂದು ಮಾತು. ನಾನಿರುವುದು ತಮಿಳುನಾಡಿನ ಹೊಸೂರಿನಲ್ಲಿ. ಅಮೆರಿಕ ಅಮೆರಿಕ ಅನ್ನುತ್ತಿದ್ದೀರಲ್ಲ, ನಮ್ಮ ರಾಜ್ಯದ ವಿಲ್ಲುಪುರಂ, ತಿರುವಣ್ಣಾಮಲೈ ಕಡೆಯ ಕಬ್ಬು ಬೆಳೆಗಾರರ ಮೇಲೆ ಮಾಡಿದ ಅಧ್ಯಯನ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿತ್ತು. ಮಣಿ, ಮುಲ್ಲೈನಾಥನ್, ಶಫೀರ್, ಝಾವೋ ಮಾಡಿದ್ದು. 54 ಹಳ್ಳಿಗಳ 464 ರೈತರು.

ಕಬ್ಬಿನವರಿಗೆ ದುಡ್ಡು ಬರುವುದು ಕಟಾವಿನ ನಂತರ. ಕಟಾವಿನ ಮೊದಲು ಕೈ ಖಾಲಿ, ಅಡವು, ಸಾಲ. ಅದೇ ರೈತನಿಗೆ ಕಟಾವಿನ ಮೊದಲೊಮ್ಮೆ, ನಂತರ ಒಮ್ಮೆ ಆಕೃತಿಗಳನ್ನು ಹೊಂದಿಸುವಂಥ ಬುದ್ಧಿ ಪರೀಕ್ಷೆ ಕೊಟ್ಟರು. ಕಟಾವಿನ ನಂತರ ಚೆನ್ನಾಗಿ ಮಾಡಿದರು. ಬಡತನದ ಚಿಂತೆಯೇ ತಲೆಯ ಜಾಗ ತಿನ್ನುತ್ತದೆ ಎನ್ನುವುದು ಅವರ ವಾದ. ಇದು ಯಾವ ಬಗೆ ಅಣ್ಣ?

ತೋಟದಮೂಲೆ

ಒಳ್ಳೆಯದನ್ನು ನೆನಪಿಸಿದಿರಿ. ಇಲ್ಲಿ ಸಂಶೋಧಕರು ಯಾರಿಗೂ ದುಡ್ಡು ಕೊಡಲಿಲ್ಲ, ಕಿತ್ತುಕೊಳ್ಳಲೂ ಇಲ್ಲ. ಆದ್ದರಿಂದ ಪಕ್ಕಾ ಪ್ರಯೋಗ ಅಲ್ಲ, ಸಹಜ ಪ್ರಯೋಗದ ಕಡೆಗೆ ವಾಲುತ್ತದೆ. ಅದರ ಜಾಣತನ ಇರುವುದು ಕಟಾವಿನ ದಿನಾಂಕದಲ್ಲಿ. ಯಾರ ಹೊಲ ಯಾವಾಗ ಕಡಿಯಬೇಕೆಂದು ಸಕ್ಕರೆ ಕಾರ್ಖಾನೆಯವರು ಸರದಿ ಮಾಡುತ್ತಾರೆ. ಒಂದೇ ವಾರದಲ್ಲಿ ಒಬ್ಬನ ಕಟಾವು ಮುಗಿದಿರುತ್ತದೆ, ಪಕ್ಕದವನದ್ದು ಬಾಕಿ. ಹಾಗಾಗಿ ಬಿಸಿಲು, ಹಬ್ಬ, ಹವಾಮಾನ ಕಾರಣ ಎಂದು ಹೇಳುವುದು ಕಷ್ಟ. ಎರಡನೇ ಸಲ ಪರೀಕ್ಷೆ ಬರೆಯುವಾಗ ಅಭ್ಯಾಸದಿಂದಲೇ ಅಂಕ ಏರುತ್ತದಲ್ವಾ? ಅದಕ್ಕೆ ಕೆಲವು ರೈತರನ್ನು ಕಟಾವಿನ ನಂತರವೇ ಮೊದಲ ಸಲ ಪರೀಕ್ಷಿಸಿ ನೋಡಿದ್ದರು.

ಅದೇ ಲೇಖನದ ಇನ್ನೊಂದು ಭಾಗ ನ್ಯೂಜೆರ್ಸಿಯ ಒಂದು ಮಾಲಿನಲ್ಲಿ. ನಿಮ್ಮ ಕಾರು ಕೆಟ್ಟಿದೆ, ರಿಪೇರಿಗೆ 150 ಡಾಲರ್ ಎಂದು ಕೆಲವರಿಗೆ, 1500 ಡಾಲರ್ ಎಂದು ಉಳಿದವರಿಗೆ ಹೇಳಿ ಯೋಚಿಸಲು ಬಿಟ್ಟು ಪರೀಕ್ಷೆ ಕೊಟ್ಟರು. ದೊಡ್ಡ ಮೊತ್ತ ಕೇಳಿದಾಗ ಬಡವರ ಅಂಕ ಇಳಿಯಿತು, ಅನುಕೂಲಸ್ಥರದ್ದು ಇಳಿಯಲಿಲ್ಲ. ಇಲ್ಲಿ ಯಾರಿಗೆ ಯಾವ ಮೊತ್ತ ಎನ್ನುವುದು ಚೀಟಿಯ ಲೆಕ್ಕ. ಒಂದರಲ್ಲಿ ಹತೋಟಿ ಉಂಟು, ಆದರೆ ಕಷ್ಟ ಬರೀ ಕಲ್ಪನೆ. ಇನ್ನೊಂದರಲ್ಲಿ ಕಷ್ಟ ನಿಜವಾದದ್ದು, ಹತೋಟಿ ಕಡಿಮೆ. ಎರಡನ್ನೂ ಜೊತೆಗಿಟ್ಟದ್ದೇ ಚೆಂದ.

ಆದರೂ ಕಥೆ ಅಲ್ಲಿಗೆ ಮುಗಿಯಲಿಲ್ಲ. 2016ರಲ್ಲಿ ಕರ್ವಾಲೊ ಮತ್ತು ಇಬ್ಬರು ಅಮೆರಿಕದ ಕಡಿಮೆ ಆದಾಯದವರನ್ನು ಸಂಬಳದ ದಿನದ ಮೊದಲು, ನಂತರ ಎಂದು ಚೀಟಿ ಎತ್ತಿ ಪರೀಕ್ಷಿಸಿದರು. ಬುದ್ಧಿ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ತಿಂಗಳ ಸಂಬಳಕ್ಕೂ ವರ್ಷಕ್ಕೊಮ್ಮೆಯ ಕಬ್ಬಿಗೂ ವ್ಯತ್ಯಾಸ ಉಂಟು ಎನ್ನಬಹುದು. ನಮ್ಮ ಅಡಿಕೆಯವರನ್ನು ಕೇಳಿದರೆ ಮೂರನೇ ಉತ್ತರ ಬಂದೀತು.

ತಲಪಾಡಿ ಗೇಟು

ಸಹಜ ಪ್ರಯೋಗ ಅಂತಾದರೆ ನಮ್ಮ ಊರಿಗಿಂತ ಒಳ್ಳೆಯ ಜಾಗ ಎಲ್ಲುಂಟು? 1956ರ ನವೆಂಬರ್ 1ರಂದು ಕೇರಳ-ಕರ್ನಾಟಕ ಗಡಿಯ ಗೆರೆ ಎಳೆದರು. ಅಲ್ಲಿವರೆಗೆ ಎಲ್ಲರೂ ದಕ್ಷಿಣ ಕನ್ನಡ ಜಿಲ್ಲೆ. ಆಮೇಲೆ ಒಂದೇ ತುಳು ಮಾತಾಡುವ, ಒಂದೇ ದೇವಸ್ಥಾನಕ್ಕೆ ಹೋಗುವ ಮನೆಗಳಲ್ಲಿ ಕೆಲವು ಕೇರಳದ ಪಠ್ಯ ಓದಿದವು, ಕೆಲವು ಕರ್ನಾಟಕದ್ದು. ತಲಪಾಡಿಯ ಆಚೆ ಈಚೆ ಮಕ್ಕಳನ್ನು ಹೋಲಿಸಿದರೆ ಯಾವ ಶಿಕ್ಷಣ ಏನು ಮಾಡುತ್ತದೆ ಅಂತ ಗೊತ್ತಾಗುವುದಿಲ್ವಾ? ಸರಕಾರವೇ ಚೀಟಿ ಎತ್ತಿದ ಹಾಗಲ್ವಾ ಇದು?

ಹೊಸಂಗಡಿ ಡಿಗ್ರಿ

ಸೂಪರ್ ಐಡಿಯಾ! ಇದೇ ನನ್ನ ಪ್ರಾಜೆಕ್ಟ್!

ತೋಟದಮೂಲೆ

ನಿಲ್ಲಿ ನಿಲ್ಲಿ. ಇಂಥದ್ದನ್ನು ಆಫ್ರಿಕದಲ್ಲಿ ಮಾಡಿದವರಿದ್ದಾರೆ. ಮಲಾವಿ-ಜಾಂಬಿಯಾ ಗಡಿಯ ಎರಡೂ ಬದಿಯಲ್ಲಿ ಚೇವಾ, ತುಂಬುಕಾ ಎಂಬ ಎರಡು ಸಮುದಾಯಗಳಿವೆ. ಭಾಷೆ, ಆಚಾರ ಆಚೆಯೂ ಅದೇ, ಈಚೆಯೂ ಅದೇ. ಡೇನಿಯಲ್ ಪೋಸ್ನರ್ ಎಂಬ ರಾಜಕೀಯ ವಿಜ್ಞಾನಿ ಗಡಿಗೆ ಹತ್ತಿರದ ಹಳ್ಳಿಗಳನ್ನು ಹೋಲಿಸಿ 2004ರಲ್ಲಿ ಬರೆದರು. ಮಲಾವಿಯಲ್ಲಿ ಅವರು ಒಬ್ಬರಿಗೊಬ್ಬರು ಆಗದವರು, ಜಾಂಬಿಯಾದಲ್ಲಿ ಒಂದೇ ಕಡೆಯವರು. ಮಲಾವಿಯಲ್ಲಿ ಎರಡೂ ದೊಡ್ಡ ಗುಂಪುಗಳು, ರಾಜಕೀಯಕ್ಕೆ ಉಪಯೋಗಕ್ಕೆ ಬರುತ್ತವೆ. ಜಾಂಬಿಯಾದಲ್ಲಿ ಎರಡೂ ಸಣ್ಣವು. ಕಾರಣ ಅದು ಎಂದರು. ಅಲ್ಲಿ ಗೆರೆ ಎಳೆದದ್ದು ಬ್ರಿಟಿಷರು, ಆ ಸಮುದಾಯಗಳನ್ನು ಕೇಳಿ ಎಳೆದದ್ದಲ್ಲ. ಹಾಗಾಗಿ ವಾದ ನಿಲ್ಲುತ್ತದೆ.

ನಮ್ಮ ಗೆರೆ ಹಾಗಲ್ಲ. ಭಾಷೆ ನೋಡಿಯೇ ಎಳೆದದ್ದು, ಅದಕ್ಕೇ ಇಷ್ಟು ವರ್ಷ ಜಗಳ. ಮೇಲಾಗಿ ಅರುವತ್ತು ವರ್ಷಕ್ಕೂ ಹೆಚ್ಚು ಜನ ಆಚೀಚೆ ಹೋಗಿದ್ದಾರೆ, ಮದುವೆಯಾಗಿದ್ದಾರೆ, ಮಕ್ಕಳನ್ನು ಬೇಕಾದ ಕಡೆ ಸೇರಿಸಿದ್ದಾರೆ. ಮಂಜೇಶ್ವರದ ಎಷ್ಟು ಮಕ್ಕಳು ಮಂಗಳೂರಿಗೆ ಓದಲು ಹೋಗುವುದಿಲ್ಲ? ಹೊಸಂಗಡಿಯವರೇ, ನೀವೇ ಸಾಕ್ಷಿ. ತಾವೇ ಗುಂಪು ಆರಿಸಿಕೊಂಡರೆ ಅಲ್ಲಿಗೆ ಚೀಟಿಯ ಬಲ ಹೋಯಿತು.

ಚೊಕ್ಕದಾದ ಸಹಜ ಪ್ರಯೋಗ ಬೇಕಾದರೆ ಸೇಂಟ್ ಹೆಲೆನಾ ದ್ವೀಪ ನೋಡಿ. ಅಟ್ಲಾಂಟಿಕ್ ಸಾಗರದ ನಡುವಿನ ಪುಟ್ಟ ದ್ವೀಪ. 1995ರಲ್ಲಿ ಮೊದಲ ಸಲ ಟಿ.ವಿ. ಬಂತು. ಚಾರ್ಲ್‌ಟನ್ ತಂಡ ಅದಕ್ಕೆ ಮೊದಲು ಮತ್ತು ಆಮೇಲೆ ಶಾಲೆಯ ಆಟದ ಬಯಲಲ್ಲಿ ಮಕ್ಕಳ ನಡವಳಿಕೆಯನ್ನು ಕ್ಯಾಮೆರಾದಲ್ಲಿ ಹಿಡಿಯಿತು. ಟಿ.ವಿ. ಬಂದ ಮೇಲೆ ಹೊಡೆದಾಟ ಹೆಚ್ಚಾಗಲಿಲ್ಲ. ಎಲ್ಲರಿಗೂ ಒಟ್ಟಿಗೆ ಬಂತು, ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

ತಲಪಾಡಿ ಗೇಟು

ಗಡಿ ವಿವಾದದ ಮಹಾಜನ ವರದಿ 1967ರಲ್ಲೇ ಚಂದ್ರಗಿರಿ ಹೊಳೆಯ ಉತ್ತರಕ್ಕೆ ಎಲ್ಲವೂ ಕರ್ನಾಟಕಕ್ಕೆ ಅಂತ ಹೇಳಿತ್ತು. ಆಗಲೇ ಕೇಳಿದ್ದರೆ...

ವೇದಿಕೆ ನಿರ್ವಾಹಕ

ಮಹಾಜನ ವರದಿಗೆ ಬೇರೆ ಎಳೆ ಉಂಟು. ಅಲ್ಲಿ ಬರೆಯಿರಿ, ಇಲ್ಲಿ ಬೇಡ. ದಯವಿಟ್ಟು.

ಸೀತಾಂಗೋಳಿ

ನಾನೂ ಒಂದು ಹೇಳುತ್ತೇನೆ, ಸ್ವಲ್ಪ ಭಾರದ್ದು. ನಮ್ಮ ಪಡ್ರೆಯಲ್ಲಿ ಎಂಡೋಸಲ್ಫಾನ್ ಕೀಟನಾಶಕದ ಸಿಂಪಡಣೆಯ ನಂತರ ಮಕ್ಕಳ ಮೇಲೆ ಅಧ್ಯಯನ ಆಯಿತಲ್ಲ. ಗೇರು ತೋಟದ ಕೆಳಗಿನ ಊರಿನ ಮಕ್ಕಳನ್ನು ಸಿಂಪಡಣೆ ಇಲ್ಲದ ಊರಿನ ಮಕ್ಕಳ ಜೊತೆ ಹೋಲಿಸಿದರು. ಇಲ್ಲಿ ಯಾರೂ ಚೀಟಿ ಎತ್ತಲು ಸಾಧ್ಯವೇ ಇಲ್ಲ, ಎತ್ತಬಾರದು ಕೂಡ. ಆದರೆ ‘ಅದು ಪಕ್ಕಾ ಪ್ರಯೋಗ ಅಲ್ಲ’ ಎಂಬ ಮಾತನ್ನೇ ಹಿಡಿದು ವಿಷದಿಂದ ಏನೂ ಆಗಿಲ್ಲ ಎಂದು ವಾದ ಮಾಡಿದವರನ್ನೂ ನೋಡಿದ್ದೇನೆ. ಅದಕ್ಕೆ ಏನು ಹೇಳುತ್ತೀರಿ?

ತೋಟದಮೂಲೆ

ಚೀಟಿ ಎತ್ತಿಲ್ಲ ಎಂದರೆ ಸಂಬಂಧವೇ ಇಲ್ಲ ಎಂದು ಅರ್ಥವಲ್ಲ. ಇನ್ನೂ ಬೇರೆ ದಾರಿಗಳಿಂದ ಗಟ್ಟಿಮಾಡಬೇಕು ಎಂದಷ್ಟೇ ಅರ್ಥ. ಬೀಡಿ ಸಿಗರೇಟಿನಿಂದ ಕ್ಯಾನ್ಸರ್ ಬರುತ್ತದೆ ಎಂದು ಸಾಬೀತಾದದ್ದು ಜನರನ್ನು ಚೀಟಿ ಎತ್ತಿ ಸೇದಿಸಿ ಅಲ್ಲ. ಬೇರೆ ಬೇರೆ ಊರಿನ ಹೋಲಿಕೆ, ಎಷ್ಟು ಸೇದಿದರೆ ಎಷ್ಟು ಅಪಾಯ, ಪ್ರಾಣಿಗಳ ಮೇಲಿನ ಪರೀಕ್ಷೆ, ಎಲ್ಲವೂ ಒಂದೇ ಕಡೆ ಬೆರಳು ತೋರಿಸಿದಾಗ ಸಾಬೀತಾಯಿತು. ನಿಮ್ಮ ಮಾತಿಗೆ ಇದಕ್ಕಿಂತ ಹೆಚ್ಚು ಸೇರಿಸಲು ನನ್ನಲ್ಲಿ ಏನೂ ಇಲ್ಲ.

ಹೊಸಂಗಡಿ ಡಿಗ್ರಿ

ಅಣ್ಣ, ಒಂದು ಸಣ್ಣ ಸಂಶಯ. ಸ್ಟ್ಯಾನ್‌ಫರ್ಡ್ ಜೈಲು ಪ್ರಯೋಗ ಯಾವ ಬಗೆ? ಎಲ್ಲ ವಿಡಿಯೋಗಳಲ್ಲೂ ಅದೇ ಬರುತ್ತದೆ.

ತೋಟದಮೂಲೆ

1971ರದ್ದು. ಎರಡು ವಾರಕ್ಕೆ ಅಂತ ಶುರು ಮಾಡಿ ಆರೇ ದಿನಕ್ಕೆ ನಿಲ್ಲಿಸಿದರು. ಕೃತಕ ಜೈಲಿನಲ್ಲಿ ವಿದ್ಯಾರ್ಥಿಗಳೇ ಕೈದಿ, ಕಾವಲುಗಾರರಾದರು. ಯಾರು ಯಾವುದು ಎನ್ನುವುದು ಚೀಟಿಯಂತೆಯೇ ಆಯ್ಕೆ. ಅಷ್ಟು ಸರಿ. ಆದರೆ ಸಂಶೋಧಕ ಜಿಂಬಾರ್ಡೊ ತಾನೇ ಜೈಲಿನ ಸೂಪರಿಂಟೆಂಡೆಂಟ್ ಆಗಿ ಕೂತ. ಕಾವಲುಗಾರರು ಗಟ್ಟಿಯಾಗಿರಬೇಕೆಂದು ಅವನ ತಂಡದವರೇ ಹುರಿದುಂಬಿಸಿದ್ದು ಆಮೇಲೆ ಹೊರಬಂದ ಧ್ವನಿಮುದ್ರಣದಲ್ಲಿ ಉಂಟು. ನಾಟಕದ ನಿರ್ದೇಶಕನೇ ವೇದಿಕೆ ಹತ್ತಿದ ಹಾಗೆ. ಪಠ್ಯದಲ್ಲಿ ಅದಕ್ಕೆ ಅಷ್ಟು ಪುಟ ಕೊಡುವುದು ದಂಡ ಎಂದು ನನಗನಿಸುತ್ತದೆ.

ಹೆಸರಾದದ್ದೆಲ್ಲ ಗಟ್ಟಿ ಎಂದು ತಿಳಿಯಬೇಡಿ. ಪತ್ರಿಕೆಗಳಲ್ಲಿ ಬಂದ 100 ಮನಶ್ಶಾಸ್ತ್ರದ ಅಧ್ಯಯನಗಳನ್ನು ಹಲವು ದೇಶದವರು ಸೇರಿ ಮತ್ತೆ ಮಾಡಿ ನೋಡಿ 2015ರಲ್ಲಿ ವರದಿ ಕೊಟ್ಟರು. ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಮೊದಲಿನ ಹಾಗೆ ಬಂತು.

ಪೆರ್ಲದ ಟೀಚರ್

ಅಯ್ಯೋ, ನನ್ನ ಪ್ರಶ್ನೆ ಎಲ್ಲಿಗೆಲ್ಲ ಹೋಯಿತು! ಓದಿ ಖುಷಿಯಾಯಿತು, ತಲೆಯೂ ತಿರುಗಿತು. ಈಗ ಹೇಳಿ, ನನ್ನ ಕೈಯಲ್ಲಿರುವ ಮಕ್ಕಳ ಜೊತೆ ಪಕ್ಕಾ ಪ್ರಯೋಗ ಮಾಡಲು ಆಗುತ್ತದಾ? ಕನ್ನಡ ಮಾಧ್ಯಮದಲ್ಲಿ ಆರನೇ ತರಗತಿಗೆ ಒಂದೇ ಡಿವಿಷನ್ ಇರುವುದು. ಮಕ್ಕಳು ತುಂಬ ಕಡಿಮೆ.

ತೋಟದಮೂಲೆ

ಮಕ್ಕಳು ಕಡಿಮೆ ಇದ್ದಾಗಲೇ ಒಂದು ಉಪಾಯ ಕೆಲಸಕ್ಕೆ ಬರುವುದು. ಮಗುವನ್ನು ಇನ್ನೊಂದು ಮಗುವಿನ ಜೊತೆ ಹೋಲಿಸಬೇಡಿ. ಅದೇ ಮಗುವಿನ ಜೊತೆ ಹೋಲಿಸಿ. ಒಬ್ಬಳೇ ಹುಡುಗಿ ಒಂದು ಪಾಠವನ್ನು ಗಟ್ಟಿಯಾಗಿ, ಇನ್ನೊಂದನ್ನು ಮನಸ್ಸಿನಲ್ಲಿ ಓದುತ್ತಾಳೆ. ಅವಳ ಬುದ್ಧಿ, ಅವಳ ಮನೆ, ಅವಳ ಟೀಚರ್ ಎರಡರಲ್ಲೂ ಒಂದೇ. ಗಾಡನ್ ಮತ್ತು ಬ್ಯಾಡಲಿ 1975ರಲ್ಲಿ ಹೀಗೇ ಮಾಡಿದರು. 18 ಜನ ಮುಳುಗುಗಾರರು ಪದಗಳನ್ನು ದಡದಲ್ಲೂ ನೀರಿನ ಕೆಳಗೂ ಕಲಿತು, ಎರಡೂ ಕಡೆ ನೆನಪಿಸಿಕೊಳ್ಳಬೇಕಿತ್ತು. ಪ್ರತಿಯೊಬ್ಬನೂ ನಾಲ್ಕೂ ಥರ ಮಾಡಿದ. ಕಲಿತ ಜಾಗದಲ್ಲೇ ಕೇಳಿದಾಗ ನೆನಪು ಚೆನ್ನಾಗಿ ಬಂತು. 18 ಜನ ಸಾಕಾದದ್ದು ಈ ಉಪಾಯದಿಂದ.

ಆದರೆ ಗಟ್ಟಿ ಓದಿನ ವಿಷಯದಲ್ಲಿ ಒಂದು ಸಿಕ್ಕು ಉಂಟು. ಕೆನಡಾದ ಮ್ಯಾಕ್ಲೌಡ್ ಮತ್ತು ಜೊತೆಗಾರರು 2010ರಲ್ಲಿ ತೋರಿಸಿದ್ದು ಇದು. ಒಂದೇ ಪಟ್ಟಿಯಲ್ಲಿ ಕೆಲವು ಪದಗಳನ್ನು ಗಟ್ಟಿಯಾಗಿ, ಉಳಿದದ್ದನ್ನು ಮನಸ್ಸಿನಲ್ಲಿ ಓದಿಸಿದರೆ ಗಟ್ಟಿಯಾಗಿ ಓದಿದ್ದು ಚೆನ್ನಾಗಿ ನೆನಪಿರುತ್ತದೆ. ಒಂದು ಗುಂಪಿಗೆ ಎಲ್ಲವನ್ನೂ ಗಟ್ಟಿಯಾಗಿ, ಇನ್ನೊಂದು ಗುಂಪಿಗೆ ಎಲ್ಲವನ್ನೂ ಮನಸ್ಸಿನಲ್ಲಿ ಓದಿಸಿದರೆ ಆ ಲಾಭ ತುಂಬ ಕಡಿಮೆಯಾಗುತ್ತದೆ, ಕೆಲವು ಸಲ ಕಾಣುವುದೇ ಇಲ್ಲ. ಮೌನವಾಗಿ ಓದಿದ್ದರ ನಡುವೆ ಗಟ್ಟಿಯಾಗಿ ಓದಿದ್ದು ಎದ್ದು ಕಾಣುತ್ತದೆ, ಅದಕ್ಕೇ ನೆನಪು ಎನ್ನುವುದು ಅವರ ವಿವರಣೆ. ಎಲ್ಲವೂ ಗಟ್ಟಿಯಾದರೆ ಎದ್ದು ಕಾಣುವುದು ಯಾವುದು?

ಅಂದರೆ ಪ್ರಯೋಗದ ಬಗೆ ಬದಲಾದರೆ ಉತ್ತರವೂ ಬದಲಾಗುತ್ತದೆ. ನಿಮ್ಮ ಸ್ಟಾಫ್ ರೂಮಿನ ಜಗಳ ಯಾವುದು? ಇಡೀ ಪಾಠವನ್ನು ಗಟ್ಟಿಯಾಗಿ ಓದಿಸಬೇಕಾ ಎನ್ನುವುದು. ಆಗ ಪದಗಳನ್ನು ಮಿಶ್ರ ಮಾಡುವುದು ಬೇಡ, ಇಡೀ ಪಾಠವನ್ನೇ ಕೊಡಿ. ‘ಮುಖ್ಯ ಪದಗಳನ್ನು ಮಾತ್ರ ಗಟ್ಟಿಯಾಗಿ ಹೇಳಿಸಿದರೆ ಲಾಭವಾ?’ ಎಂದು ಕೇಳಿದರೆ ಮಿಶ್ರ ಪಟ್ಟಿ ಸರಿ. ನನ್ನ ಪಂದ್ಯ ಎರಡನೆಯದರ ಮೇಲೆ.

ಪೆರ್ಲದ ಟೀಚರ್

ಸದ್ಯಕ್ಕೆ ಮೊದಲನೆಯದೇ ಇರಲಿ, ಹಿರಿಯರಿಗೆ ಉತ್ತರ ಕೊಡಬೇಕಲ್ಲ. ಆದರೆ ಮೊದಲು ಓದಿದ ಪಾಠದ ಅಭ್ಯಾಸ ಎರಡನೇ ಪಾಠಕ್ಕೆ ಬರುವುದಿಲ್ವಾ? ಮತ್ತೆ ಒಂದು ಪಾಠ ಸುಲಭದ್ದಾದರೆ?

ತೋಟದಮೂಲೆ

ಸರಿಯಾದ ಕಡೆ ಕೈ ಇಟ್ಟಿರಿ. ಅದಕ್ಕೆ ಅದಲುಬದಲು ಮಾಡುವುದು. ಚೀಟಿ ಎತ್ತಿ ತರಗತಿಯನ್ನು ಎರಡು ಭಾಗ ಮಾಡಿ. ಮೊದಲ ವಾರ ಒಂದನೇ ಪಾಠವನ್ನು ಒಂದು ಭಾಗ ಗಟ್ಟಿಯಾಗಿ ಓದಲಿ, ಇನ್ನೊಂದು ಮನಸ್ಸಿನಲ್ಲಿ. ಎರಡನೇ ವಾರ ಎರಡನೇ ಪಾಠಕ್ಕೆ ತಿರುಗಿಸಿ. ಆಗ ಪಾಠ ಸುಲಭವೋ ಕಷ್ಟವೋ, ಎರಡು ಓದಿಗೂ ಸಮವಾಗಿ ಹಂಚಿಹೋಗುತ್ತದೆ. ಗೆಳತಿಯೂ ಅವರ ಶಾಲೆಯಲ್ಲಿ ಇದನ್ನೇ ಮಾಡಲಿ. ಎರಡು ಶಾಲೆಯನ್ನು ಒಂದಕ್ಕೊಂದು ಎದುರು ನಿಲ್ಲಿಸುವ ಬದಲು ಒಂದೇ ಪ್ರಯೋಗವನ್ನು ಎರಡು ಕಡೆ ಮಾಡಿದ ಹಾಗಾಯಿತು.

ಮೌನವಾಗಿ ಓದುವವರನ್ನು ಲೈಬ್ರರಿಗೋ ಜಗಲಿಗೋ ಕಳಿಸಿ. ಪಕ್ಕದವನ ಗಟ್ಟಿ ಓದು ಕಿವಿಗೆ ಬಿದ್ದರೆ ಕೆಟ್ಟಿತು. ಫೋರಿನ್ ಮತ್ತು ಮ್ಯಾಕ್ಲೌಡ್ 2018ರಲ್ಲಿ ನೋಡಿದ್ದಾರೆ, ತಾನೇ ಗಟ್ಟಿಯಾಗಿ ಓದಿದ್ದಕ್ಕೆ ಎಲ್ಲಕ್ಕಿಂತ ಜಾಸ್ತಿ ನೆನಪು, ಆದರೆ ಬೇರೆಯವರು ಓದಿದ್ದನ್ನು ಕೇಳಿಸಿಕೊಂಡರೂ ಮೌನ ಓದಿಗಿಂತ ಸ್ವಲ್ಪ ಮೇಲು.

ಪರೀಕ್ಷೆ ಯಾವಾಗ ಎನ್ನುವುದೂ ಮುಖ್ಯ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಕೆಲವರಿಗೆ ಪಾಠವನ್ನು ಮತ್ತೆ ಓದಲು ಕೊಟ್ಟರು, ಕೆಲವರಿಗೆ ನೆನಪಿದ್ದಷ್ಟು ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದೆ. ವಾರದ ನಂತರ ಕೇಳಿದಾಗ ತಿರುಗಿತು, ಬರೆದವರಿಗೆ ನೂರಕ್ಕೆ 56, ಓದಿದವರಿಗೆ 42. ಹಾಗಾಗಿ ಅದೇ ದಿನ ಪರೀಕ್ಷೆ ಇಟ್ಟು ತೀರ್ಮಾನ ಮಾಡಬೇಡಿ.

ಉತ್ತರಪತ್ರಿಕೆಯನ್ನು ನೀವೇ ತಿದ್ದುವುದು ಬೇಡ. ನಿಮಗೆ ಯಾರು ಹೇಗೆ ಓದಿದರೆಂದು ಗೊತ್ತಿರುತ್ತದೆ, ಗೊತ್ತಿಲ್ಲದೆ ಅರ್ಧ ಅಂಕ ಆಚೀಚೆ ಆಗುತ್ತದೆ. ಮಕ್ಕಳಿಗೂ ಯಾವುದು ಗೆಲ್ಲಬೇಕೆಂದು ಟೀಚರಿಗೆ ಆಸೆ ಎಂದು ಗೊತ್ತಾಗಬಾರದು.

ಕುಂಬಳೆ ಮಾಷ್ಟ್ರು

ತಂದೆ ತಾಯಿಯನ್ನು ಕೇಳದೆ ಮಾಡಬೇಡಿ ಟೀಚರ್. ಇಷ್ಟು ಹೊತ್ತು ಯಾರೂ ಅದನ್ನು ಹೇಳಲಿಲ್ಲ.

ತೋಟದಮೂಲೆ

ನ್ಯಾಯದ ಮಾತು ಮಾಷ್ಟ್ರೇ. 1920ರಲ್ಲಿ ವಾಟ್ಸನ್ ಮತ್ತು ರೇನರ್ ಒಂದು ವರ್ಷವೂ ತುಂಬದ ಮಗುವಿಗೆ ಬಿಳಿ ಇಲಿ ತೋರಿಸುವಾಗಲೆಲ್ಲ ಹಿಂದಿನಿಂದ ಕಬ್ಬಿಣ ಬಡಿದು ಹೆದರಿಸಿದರು. ಆ ಭಯವನ್ನು ಬಿಡಿಸಲೂ ಇಲ್ಲ. ಇಂದು ಸಂಶೋಧನೆಯ ನೀತಿ ನೋಡುವ ಯಾವ ಸಮಿತಿಯೂ ಅದಕ್ಕೆ ಒಪ್ಪುವುದಿಲ್ಲ. ನಮ್ಮಲ್ಲಿ ಐ.ಸಿ.ಎಂ.ಆರ್.ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿ ಪ್ರಕಾರ ಮಕ್ಕಳ ಮೇಲಿನ ಸಂಶೋಧನೆಗೆ ಹೆತ್ತವರ ಒಪ್ಪಿಗೆ ಬೇಕು, ಏಳು ವರ್ಷ ದಾಟಿದ ಮಗುವನ್ನೂ ಕೇಳಬೇಕು. ಇದು ಬರೀ ಪಾಠ ಓದುವುದು, ಅಪಾಯ ಏನೂ ಇಲ್ಲ. ಆದರೂ ಪಿ.ಟಿ.ಎ. (ಹೆತ್ತವರ-ಶಿಕ್ಷಕರ ಸಂಘದ) ಸಭೆಯಲ್ಲಿ ಹೇಳಿ, ಬೇಡ ಅಂದ ಮಗುವಿನ ಅಂಕವನ್ನು ಲೆಕ್ಕಕ್ಕೆ ಹಿಡಿಯಬೇಡಿ. ವರದಿಯಲ್ಲಿ ಯಾರ ಹೆಸರೂ ಬೇಡ.

ಕುಂಬಳೆ ಮಾಷ್ಟ್ರು

ಹೆಸರು ಮುಚ್ಚಿ ನಂಬರ್ ಹಾಕಿ ಕಳಿಸಿದರೆ ಪತ್ರಿಕೆ ನಾನು ತಿದ್ದಿಕೊಡುತ್ತೇನೆ. ಗಟ್ಟಿ ಓದು ಗೆಲ್ಲುತ್ತದೆ ಎಂದು ನನ್ನ ನಂಬಿಕೆ. ಅದು ಮಾತ್ರ ಬದಲಾಗಿಲ್ಲ.

ಪೆರ್ಲದ ಟೀಚರ್

ತುಂಬ ಉಪಕಾರ ಮಾಷ್ಟ್ರೇ. ಕೊನೆಗೊಂದು. ನಮ್ಮ ತರಗತಿಯಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ಕೆಲವರೇ. ಉಳಿದವರದ್ದು ತುಳು, ಮರಾಠಿ, ಮಲಯಾಳ, ಬ್ಯಾರಿ. ಚೀಟಿ ಎತ್ತಿದಾಗ ಮನೆಯಲ್ಲಿ ಕನ್ನಡ ಇರುವವರೆಲ್ಲ ಒಂದೇ ಕಡೆ ಬಿದ್ದರೆ ಏನು ಮಾಡುವುದು? ಮಕ್ಕಳು ಇಷ್ಟು ಕಡಿಮೆ ಇರುವಾಗ ಹಾಗಾಗಬಹುದಲ್ವಾ?

ತೋಟದಮೂಲೆ

ಆಗಬಹುದು. ಅದಲುಬದಲು ಮಾಡುವುದರಿಂದ ಅರ್ಧ ತೊಂದರೆ ಹೋಯಿತು, ಉಳಿದರ್ಧಕ್ಕೆ ಹೀಗೆ ಮಾಡಿ. ಮೊದಲು ಮನೆಮಾತಿನ ಪ್ರಕಾರ ಹೆಸರುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ. ಪ್ರತಿ ಡಬ್ಬಿಯಿಂದ ಅರ್ಧ ಚೀಟಿ ಎತ್ತಿ ಈಚೆ, ಉಳಿದರ್ಧ ಆಚೆ. ಬ್ಯಾರಿ ಮನೆಯದ್ದು ಒಂದೇ ಮಗು ಇದ್ದರೆ ಮಲಯಾಳದ ಡಬ್ಬಿಗೆ ಸೇರಿಸಿ, ಅದನ್ನು ವರದಿಯಲ್ಲಿ ಬರೆಯಿರಿ. ಚೀಟಿಯನ್ನು ನೀವು ಎತ್ತಬೇಡಿ, ಏಳನೇ ತರಗತಿಯ ಯಾರಿಂದಾದರೂ ಎತ್ತಿಸಿ. ಎತ್ತಿದ ಮೇಲೆ ‘ಇವನು ಮೌನವಾಗಿ ಕೂರುವವನಲ್ಲ, ಆಚೆ ಹಾಕೋಣ’ ಎಂದು ಬದಲಾಯಿಸಲು ಕೈ ತುರಿಸುತ್ತದೆ. ಬದಲಾಯಿಸಬೇಡಿ.